ಉಳಿದೊಂದು ಕೈ

ಮೈಸೂರಿಗೆ ಹೋಗಿ ಮರೆವಿನ ಕಾಯಿಲೆಯವರ ಆರೈಕೆ ಕಲಿತು ಬಂದ ಮೇಲೆ ಕಾವ್ಯಶ್ರೀಗೆ ವಾರ್ಡಿನಲ್ಲಿ ಹೊಸ ಹೆಸರು ಬಿತ್ತು: ಮೇಷ್ಟ್ರಮ್ಮ. ಅದರಲ್ಲಿ ಮರ್ಯಾದೆ ಕಾಲು ಪಾಲು, ಕೀಟಲೆ ಮುಕ್ಕಾಲು ಪಾಲು. ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಅವಳು ಸ್ಟಾಫ್ ನರ್ಸು. ಕಲಿತು ಬಂದು ಉಳಿದವರಿಗೆ ಕಲಿಸಬೇಕು ಎಂದು ಮೇಲಿನವರ ಅಪ್ಪಣೆಯಾಗಿತ್ತು. ಕಲಿಯುವುದು ಹೇಗೋ ಆಗುತ್ತದೆ ಅನ್ನಿ. ದಿನಾ ಒಟ್ಟಿಗೆ ಕೂತು ಡಬ್ಬಿ ಬಿಚ್ಚಿ ಉಣ್ಣುವವರಿಗೇ ಪಾಠ ಹೇಳುವುದಿದೆಯಲ್ಲ, ಆ ಕಷ್ಟ ಶತ್ರುವಿಗೂ ಬೇಡ.

ಮೊದಲ ತರಗತಿ ನಡೆದದ್ದು ಬೆಡ್‌ಶೀಟು ಜೋಡಿಸುವ ಕೋಣೆಯಲ್ಲಿ. ಬೆಂಚಿನ ಮೇಲೆ ಮುಬಶ್ಶಿರಾ ಕೂತಿದ್ದಳು, ಕಾಲೇಜು ಮುಗಿಸಿ ಬಂದ ಎಳೆ ಹುಡುಗಿ. ಪಕ್ಕದಲ್ಲಿ ಶಿವಶಂಕರ, ವಾರ್ಡಿನ ಒಬ್ಬನೇ ಗಂಡು ನರ್ಸು. ಬಾಗಿಲ ಬಳಿ ನೆಲದ ಮೇಲೆ ಆಯಾ ದೊಡ್ಡಮಲ್ಲಮ್ಮ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದಳು. ಎಲ್ಲರ ಹಿಂದೆ, ಕೈಕಟ್ಟಿ ನಿಂತೇ ಇದ್ದವರು ವಾರ್ಡಿನ ಹಿರಿಯ ಸಿಸ್ಟರ್ ಉಮ್ಮೆ ಹಬೀಬಾ.

"ಮರೆವಿನ ಕಾಯಿಲೆಯವರ ಹತ್ತಿರ ವಾದ ಮಾಡಬಾರದು," ಎಂದಳು ಕಾವ್ಯಶ್ರೀ. "ಇದು ಆಸ್ಪತ್ರೆ, ನೀವು ರೋಗಿ ಅಂತ ನೂರು ಸಲ ಹೇಳಿದರೂ ಅಷ್ಟೇ. ಅವರು ಎಲ್ಲಿದ್ದಾರೋ ಅಲ್ಲಿಗೆ ನಾವು ಹೋಗಬೇಕು. ನಮ್ಮ ಲೋಕಾನ ಚಪ್ಪಲಿ ಥರ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಬೇಕು."

"ಅಲ್ಲ ಕಣಮ್ಮಿ," ಎಂದಳು ದೊಡ್ಡಮಲ್ಲಮ್ಮ, "ಅವ್ರ ಲೋಕುಕ್ಕೆ ನಾವು ಓಗ್ಬುಟ್ರೆ ವಾಪಸ್ ಬರಾಕೆ ಯಾವ ಬಸ್ಸಮ್ಮಿ? ನಮ್ ಉಮ್ಮತ್ತೂರಿಗೇ ಹೊತ್ತು ಮುಳುಗುದ್‌ಮೇಲೆ ಬಸ್ಸಿಲ್ಲ."

ಕೋಣೆಯೆಲ್ಲ ಗೊಳ್ಳೆಂದಿತು. ಉಮ್ಮೆ ಹಬೀಬಾ ಕೂಡ ತುಟಿ ಕಚ್ಚಿಕೊಂಡರು. ಪಾಠ ಅಲ್ಲಿಗೆ ಮುಗಿಯಿತು.

ಈ ಉಮ್ಮೆ ಹಬೀಬಾ ಅವರದ್ದು ಒಂದು ಕಟ್ಟುನಿಟ್ಟು ಇತ್ತು, ಅದನ್ನು ಇಲ್ಲೇ ಹೇಳಿಬಿಡಬೇಕು. ಡ್ಯೂಟಿಗೆ ಬಂದವರ ಮೊಣಕೈ ಕೆಳಗೆ ಉಂಗುರ, ಬಳೆ, ದೇವರ ದಾರ, ಏನೂ ಇರಕೂಡದು. ಕೈ ತೊಳೆದರೆ ಮೊಣಕೈವರೆಗೂ ನೀರು ಹರಿಯಬೇಕು. ಹಾಗಾಗಿ ಬೆಳಿಗ್ಗೆ ಬಂದವರೆಲ್ಲ ಬಳೆ ಬಿಚ್ಚಿ, ಡ್ಯೂಟಿ ರೂಮಿನ ಕಿಟಕಿಗೆ ಅಡ್ಡ ಕಟ್ಟಿದ್ದ ಬ್ಯಾಂಡೇಜು ದಾರಕ್ಕೆ ಪೋಣಿಸಿ ಹೋಗುತ್ತಿದ್ದರು. ಬಿಳಿಗಿರಿಯ ಕಡೆಯಿಂದ ಗಾಳಿ ಬಂದಾಗ ಕೆಂಪು, ಹಸಿರು, ಹಳದಿ ಬಳೆಗಳೆಲ್ಲ ತಮ್ಮಷ್ಟಕ್ಕೆ ತಾವೇ ಕಿಣಿಕಿಣಿ ಅನ್ನುತ್ತಿದ್ದವು. ಆ ಸದ್ದು ಕೇಳಿದರೆ ಒಳಗೆ ಯಾರೋ ಹೆಣ್ಣುಮಕ್ಕಳು ಕೂತು ಹೂ ಕಟ್ಟುತ್ತಿದ್ದಾರೇನೋ ಅನ್ನಿಸಬೇಕು.

ಆ ದಾರದ ಮೇಲೆ ಕಾವ್ಯಶ್ರೀಯ ಬಳೆ ಇರಲಿಲ್ಲ. ಅವಳ ಗಂಡ ಸೋಮೇಶ್ ಓಣಂ ಸಮಯದಲ್ಲಿ ಟೆಂಪೊ ತುಂಬ ಚೆಂಡುಹೂ ಹೇರಿಕೊಂಡು ಕೇರಳಕ್ಕೆ ಹೊರಟವನು, ಗುಂಡ್ಲುಪೇಟೆ ದಾಟಿದ ಮೇಲಿನ ಮದ್ದೂರಿನ ಕಾಡುದಾರಿಯಲ್ಲಿ ಮಂಜು ಕವಿದು, ಟೆಂಪೊ ಮಗುಚಿ ಹೋಗಿಬಿಟ್ಟಿದ್ದ. ಎರಡು ವರ್ಷವಾಯಿತು. ಅವಳು ಹುಟ್ಟಿದ್ದು ಹಂಗಳ, ಕೊಟ್ಟಿದ್ದು ಉಮ್ಮತ್ತೂರಿಗೆ. ಮಣ್ಣು ಮಾಡಿದ ದಿನ ಉಮ್ಮತ್ತೂರಿನ ಜಗಲಿಯ ಕಲ್ಲಿಗೆ ಅವಳ ಕೈಯಿಟ್ಟು ಬಳೆ ಒಡೆದರು. ಒಂದು ಚೂರು ಮಣಿಕಟ್ಟಿಗೆ ಹೊಕ್ಕಿತು. ಸೆರಗಿನ ತುದಿ ಒತ್ತಿ ರಕ್ತ ನಿಲ್ಲಿಸಿದವಳು ಈ ದೊಡ್ಡಮಲ್ಲಮ್ಮನೇ. ಆಮೇಲಿಂದ ಬಸ್ಸಿನಲ್ಲಿ, ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಕಂಡವರ ಕಣ್ಣು ಮೊದಲು ಅವಳ ಕೈಗೆ ಬಿದ್ದು ಆಮೇಲೆ ಮುಖಕ್ಕೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಮಾತ್ರ ಹಾಗಿಲ್ಲ. ಇಲ್ಲಿ ಎಲ್ಲರದ್ದೂ ಬರಿಗೈ. ಅದಕ್ಕೇ ಬೇರೆಯವರ ಡ್ಯೂಟಿಯನ್ನೂ ಇವಳೇ ಬೇಡಿ ಮಾಡುತ್ತಿದ್ದಳು. ಪಾಪ, ಎಷ್ಟು ಕೆಲಸದ ಹುಡುಗಿ ಎಂದು ಎಲ್ಲರೂ ಹೊಗಳುತ್ತಿದ್ದರು.

ಅವಳು ಮೈಸೂರಿನಲ್ಲಿದ್ದಾಗಲೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಗೆ ಗುಲಾಮ್ ಮೊಹಿದ್ದೀನ್ ಎಂಬ ಮುದುಕರು ಬಂದಿದ್ದರು. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ನೆನಪೆಂಬುದು ಮೊದಲೇ ನಾಲ್ಕಾಣೆಯಷ್ಟಿದ್ದದ್ದು, ಹೊಸ ಜಾಗಕ್ಕೆ ಬಂದು ಪೂರ್ತಿ ಕಲಸಿಹೋಯಿತು. ಎರಡನೆಯ ದಿನ ಮುಬಶ್ಶಿರಾ ಮಾತ್ರೆ ಕೊಡಲು ಹೋದಾಗ ಅವಳ ಕೈ ಹಿಡಿದುಕೊಂಡರು. ಹಿಡಿದದ್ದಷ್ಟೇ ಅಲ್ಲ, ಹೆಬ್ಬೆರಳು ಮಡಿಚಿ ಅಂಗೈಯನ್ನು ಮೆಲ್ಲಗೆ ನಾದತೊಡಗಿದರು. ಹುಡುಗಿ ಕಿಟಾರನೆ ಕಿರುಚಿದಳು. ಮರುದಿನ ಇನ್ನೊಬ್ಬಳ ಕೈ. ಸರಿ, ಆಡಿಕೊಳ್ಳುವವರು ಕಮ್ಮಿಯೇ? ಪಕ್ಕದ ಹಾಸಿಗೆಯವರು "ಈ ವಯಸ್ನಲ್ಲೂ ನೋಡು ಸಾಬ್ರುಗೆ" ಎಂದು ನಕ್ಕರು. ಅವರ ಎರಡೂ ಅಂಗೈಗೆ ಬ್ಯಾಂಡೇಜು ಬಟ್ಟೆ ಸುತ್ತಿ ಗಂಟು ಹಾಕಲಾಯಿತು. ಅವತ್ತಿನಿಂದ ಅವರು ಊಟ, ನೀರು ಎರಡೂ ಬಿಟ್ಟರು, ಡ್ರಿಪ್ಪಿನ ಮೇಲೆ ಜೀವ ನಿಂತಿತ್ತು.

ಕಾವ್ಯಶ್ರೀ ವಾಪಸು ಬಂದಾಗ ಅವರ ಮಗಳು ಜಾಹಿದಾ ಹಾಸಿಗೆಯ ಪಕ್ಕ ಗಂಜಿಯ ಬಟ್ಟಲು ಹಿಡಿದು ಅಳುತ್ತ ಕೂತಿದ್ದಳು. ಅಪ್ಪ ಮಗಳ ಗುರುತೂ ಹಿಡಿಯುತ್ತಿರಲಿಲ್ಲ.

"ನಮ್ಮಬ್ಬಾ ಅಂಥೋರಲ್ಲ ಸಿಸ್ಟರ್," ಎಂದಳು ಜಾಹಿದಾ. "ಬಳೆ ವ್ಯಾಪಾರ ಅವರ್ದು. ಇಡೀ ಆಯುಷ್ಯ ಹೆಗಲ ಮೇಲೆ ಬಳೆ ಸರಗಳ ಮಲಾರ ಹೊತ್ಕೊಂಡು ಊರೂರು ಸುತ್ತಿದಾರೆ. ಹೆಣ್ಮಕ್ಕಳ ಕೈ ಮುಟ್ಟಿ ಬಳೆ ತೊಡ್ಸೋರು, ಮುಖ ಎತ್ತಿ ನೋಡಿದವರಲ್ಲ. ಎಳೆ ಮಕ್ಳು ಅತ್ತರೆ ಅಂತ ಜೇಬಲ್ಲಿ ಕಲ್ಲುಸಕ್ಕರೆ ಇಟ್ಕೊಂಡಿರೋರು. ಅಂಥವರ ಕೈ ಕಟ್ಟಿಬಿಟ್ರಲ್ಲ."

ಕಲ್ಲುಸಕ್ಕರೆ ಎಂದಕೂಡಲೇ ಕಾವ್ಯಶ್ರೀಯ ನಾಲಗೆಯ ಮೇಲೆ ಏನೋ ಕರಗಿತು. ಹಂಗಳದ ಅವಳ ಮನೆಗೂ ಒಬ್ಬ ಬಳೆ ಸಾಬರು ಬರುತ್ತಿದ್ದರು. ಬೇವಿನ ಮರದ ನೆರಳು ಜಗಲಿಗೆ ಬರುವ ಹೊತ್ತು. ಸಣ್ಣ ಬಳೆ ಗೆಣ್ಣು ದಾಟುವಾಗ ನೋಯುತ್ತದಲ್ಲ, ಆಗ ಅವರು "ಕಣ್ಮುಚ್ಚು, ಬಾಯ್ ತೆಗಿ" ಅನ್ನುವರು. ನಾಲಗೆಗೆ ಸಿಹಿ ಬೀಳುವುದಕ್ಕೂ ಬಳೆ ಕೈಗೆ ಇಳಿಯುವುದಕ್ಕೂ ಸರಿಹೋಗುವುದು. ಇವರೇ ಅವರೋ, ಬೇರೆ ಯಾರೋ. ಮುಖ ಅವಳಿಗೆ ನೆನಪಿರಲಿಲ್ಲ.

ಅವಳು ಮುದುಕರ ಕೈಯ ಬ್ಯಾಂಡೇಜು ಬಟ್ಟೆ ಬಿಚ್ಚಿದಳು. ಉಮ್ಮೆ ಹಬೀಬಾ ನೋಡಿದರು, ಬೇಡ ಅನ್ನಲಿಲ್ಲ. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು, "ನಾಳೆ ಮಧ್ಯಾಹ್ನ ಡಾಕ್ಟರು ಮೂಗಿನಿಂದ ನಳಿಕೆ ಹಾಕ್ತಾರೆ," ಎಂದರು. "ಕಿತ್ತುಕೊಳ್ಳದ ಹಾಗೆ ಕೈ ಎರಡನ್ನೂ ಮಂಚಕ್ಕೇ ಕಟ್ಟಬೇಕಾಗುತ್ತೆ. ನನಗೇನು ಆಸೆ ಅಂದ್ಕೋಬೇಡ. ಅವರು ಒಂದು ಬಟ್ಟಲು ಗಂಜಿ ತಾವಾಗೇ ಕುಡಿದರೆ ನಾನೇ ಡಾಕ್ಟರ ಹತ್ತಿರ ಮಾತಾಡ್ತೀನಿ. ಅಷ್ಟೊಂದು ಕಲಿತು ಬಂದಿದೀಯಲ್ಲ, ತೋರಿಸು."

ಸಂಜೆ ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಅಡ್ಡ ಬಿದ್ದಾಗ ಕಾವ್ಯಶ್ರೀ ಸ್ಟೂಲು ಎಳೆದುಕೊಂಡು ಮುದುಕರ ಕಣ್ಣಿನ ಮಟ್ಟಕ್ಕೆ ಕೂತಳು. ಮೊದಲು ಅವಳೂ ತಪ್ಪನ್ನೇ ಮಾಡಿದಳು. ಕಲಿಸುವವರೂ ಮನುಷ್ಯರೇ ತಾನೆ! "ತಾತ, ಇದು ಆಸ್ಪತ್ರೆ, ನಿಮ್ಮ ಸೊಂಟಕ್ಕೆ ಪೆಟ್ಟಾಗಿದೆ, ಉಂಡರೆ ವಾಸಿಯಾಗುತ್ತೆ" ಎಂದಳು. ಅವರು ಅವಳನ್ನು ಕನಿಕರದಿಂದ ನೋಡಿದರು. ಹುಚ್ಚಿಯೊಬ್ಬಳು ಏನೋ ಹೇಳುತ್ತಿದ್ದಾಳೆ, ಹೇಳಲಿ ಪಾಪ ಎಂಬಂತಿತ್ತು ಆ ನೋಟ. ಅವಳಿಗೆ ನಾಚಿಕೆಯಾಯಿತು. ಈ ಸಲ ಬೇರೆ ಥರ ಕೇಳಿದಳು.

"ಎಲ್ಲಿಗೆ ಬಂದ್ಬಿಟ್ವಿ ತಾತ ನಾವು?"

"ಮೆಲ್ಗೆ ಮಾತಾಡವ್ವ," ಎಂದು ಅವರು ಪಿಸುಗುಟ್ಟಿದರು. "ಸಾವಿನ ಮನೆ."

"ಯಾರು ಸತ್ತಿದ್ದು?"

"ಗೊತ್ತಿಲ್ಲ. ಭಾಳಾ ದೊಡ್ಡ ಸಾವೇ ಇರ್ಬೇಕು. ನೋಡು, ಒಬ್ಬಳ ಕೈಲಾದ್ರೂ ಬಳೆ ಅದಾ? ಎಲ್ಲಾರ್ದೂ ಒಡ್ದಾಕ್‌ಬುಟ್ಟವ್ರೆ. ಎಳೆ ಮಕ್ಳವ್ವ, ಎಳೆ ಮಕ್ಳು." ಅವರ ಕಣ್ಣಿಂದ ನೀರು ದಿಂಬಿಗೆ ಇಳಿಯಿತು. ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತ ಜಾಹಿದಾಳ ಕೈಯ ಹಸಿರು ಬಳೆ ನೋಡಿ ಗಾಬರಿಯಾದರು. "ನೀ ಯಾಕವ್ವ ಇಲ್ಲಿಗ್ ಬಂದೆ? ಬಚ್ಚಿಟ್ಕೋ ಕೈಯ. ಕಂಡ್ರೆ ಒಡ್ದ್‌ಬುಡ್ತಾರೆ."

"ಅದಕ್ಕೇನಾ ತಾತ ನೀವು ಉಣ್ಣದೇ ಇರೋದು?"

"ಬಳೆಗಾರ ಗೊತ್ತಿಲ್ದೆ ಸಾವಿನ ಮನೆಗೆ ಕಾಲಿಟ್ಬುಟ್ರೆ ನೀರೂ ಮುಟ್ಬಾರ್ದು ಕಣವ್ವ. ನಮ್ಮಪ್ಪನ ಕಾಲದ ಮಾತು. ನಾನ್ ಇಲ್ಲಿ ಒಂದ್ ಗುಟುಕು ನೀರ್ ಕುಡುದ್ರೆ ಈ ಮನೆ ಬಾಗ್ಲಿಗೆ ಮತ್ತೆಂದೂ ಬಳೆ ಬರಾಕಿಲ್ಲ. ಈ ಮಕ್ಳು ಇನ್ನೂ ಬಾಳ್ಬೇಕು. ನಾನ್ ಮುದ್ಕ, ಹಸ್ಕಂಡಿದ್ರೆ ಏನಾಯ್ತು ಬುಡು."

ಇಷ್ಟು ದಿನ ವಾರ್ಡಿಗೆ ವಾರ್ಡೇ ಬೈದುಕೊಂಡ ಮನುಷ್ಯ ಆ ವಾರ್ಡಿನ ಹೆಣ್ಣುಮಕ್ಕಳಿಗೋಸ್ಕರ ಉಪವಾಸ ಬಿದ್ದಿದ್ದ. ಮುಬಶ್ಶಿರಾಳ ಕೈ ಹಿಡಿದದ್ದೂ ಆ ಬರಿಗೈಗೆ ಏನಾದರೂ ಮಾಡೋಣವೆಂದೇ. ಕಾವ್ಯಶ್ರೀ ಎದ್ದು ನಲ್ಲಿಯ ಬಳಿ ಹೋಗಿ ಮುಖ ತೊಳೆದುಕೊಂಡು ಬಂದಳು.

ಮರುದಿನ ಬೆಳಿಗ್ಗೆ ಎರಡನೆಯ ತರಗತಿ ಮುದುಕರ ಮಂಚದ ಸುತ್ತಲೇ ನಡೆಯಿತು. ನಳಿಕೆಯ ಟ್ರೇ ಆಗಲೇ ಬಂದು ಕಿಟಕಿಯ ಕಟ್ಟೆಯ ಮೇಲೆ ಕೂತಿತ್ತು, ಅದರ ಪಕ್ಕ ಕೈ ಕಟ್ಟುವ ಬಟ್ಟೆಯ ಪಟ್ಟಿಗಳು. ಕಾವ್ಯಶ್ರೀ ಎಲ್ಲರಿಗೂ ಮುದುಕರ ಮಾತು ಹೇಳಿದ್ದಳು. ಈ ಸಲ ಯಾರೂ ನಗಲಿಲ್ಲ. ಮುಬಶ್ಶಿರಾಳಂತೂ ಅತ್ತೂ ಅತ್ತೂ ಮೂಗು ಕೆಂಪು ಮಾಡಿಕೊಂಡಿದ್ದಳು.

"ಬಳೆ ವಾರ್ಡಿಗೆ ತರೋ ಹಾಗಿಲ್ಲ," ಎಂದರು ಉಮ್ಮೆ ಹಬೀಬಾ, ಯಾರೂ ಕೇಳುವ ಮೊದಲೇ.

"ಬೇಡ ಸಿಸ್ಟರ್. ಕೈ ಇದ್ದರೆ ಸಾಕು," ಎಂದಳು ಕಾವ್ಯಶ್ರೀ.

ಮುಬಶ್ಶಿರಾ ಮುಂದೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು, ಜಗಲಿಯಲ್ಲಿ ಕೂರುವ ಹಾಗೆ. ಕೈ ಚಾಚಿದಳು. "ಬಳೆ ಸಾಬ್ರೇ, ನನಗೆ ನಿಕಾಹ್ ಗೊತ್ತಾಗಿದೆ. ಬಳೆ ಬೇಕು."

ದಿಂಬಿಗೆ ಒರಗಿ ಕೂತಿದ್ದ ಮುದುಕರು ಆ ಕೈಯನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಬಲಗೈ ಎದ್ದು ತನ್ನ ಎಡಹೆಗಲಿಗೆ ಹೋಗಿ, ಅಲ್ಲಿ ಇಲ್ಲದ ಮಲಾರವನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡಿತು. ಎಷ್ಟು ಭಾರವಿತ್ತೆಂದರೆ ಇಳಿಸುವಾಗ ಅವರಿಗೆ ಏದುಸಿರು ಬಂತು.

"ಯಾವ ಬಣ್ಣ ತಾಯಿ?"

"ಹಸಿರು."

ಬೆರಳುಗಳು ಗಾಳಿಯಲ್ಲಿ ಹಸಿರನ್ನು ಹುಡುಕಿ, ಬಳೆ ಬಿಡಿಸಿ, ಒಂದಕ್ಕೊಂದು ತಾಗಿಸಿ ಕಿವಿಯ ಬಳಿ ಸದ್ದು ನೋಡಿದವು. ಒಡಕಿದ್ದ ಒಂದನ್ನು ಪಕ್ಕಕ್ಕಿಟ್ಟವು. ಆಮೇಲೆ ಹುಡುಗಿಯ ಹೆಬ್ಬೆರಳು ಮಡಿಚಿ, ಗೆಣ್ಣುಗಳನ್ನು ಒಂದೊಂದಾಗಿ ನಾದಿ, ಬಳೆ ಇಳಿಸಿದವು. ಮುಬಶ್ಶಿರಾ ಬೆಚ್ಚಿ ಕಾವ್ಯಶ್ರೀಯ ಮುಖ ನೋಡಿದಳು. "ಅಕ್ಕಾ, ತಣ್ಣಗಿದೆ" ಎಂದಳು ಮೆಲ್ಲಗೆ.

ಆ ಬೆಳಗಿನ ವಿಷಯ ಆಮೇಲೆ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು. ಬಿಸಿಲು ಇದ್ದಲ್ಲೇ ನಿಂತಿತ್ತು ಎಂದವರಿದ್ದಾರೆ. ವಾರ್ಡಿನ ಫಿನಾಯಿಲ್ ವಾಸನೆ ಹೋಗಿ ಬೇವಿನ ಹೂವಿನ ವಾಸನೆ ಬಂತು ಎಂದವಳು ದೊಡ್ಡಮಲ್ಲಮ್ಮ, ಅವಳ ಮಾತು ಅರ್ಧ ತೆಗೆದುಹಾಕಿ. ಮಂಚಗಳೆಲ್ಲ ಜಗಲಿಗಳಾದವು, ನಡುವಿನ ಓಣಿ ಬೀದಿಯಾಯಿತು. ಮುದುಕರು ಒಂದೊಂದು ಕೈ ಹಿಡಿದಾಗಲೂ ಒಂದೊಂದು ಊರಿಗೆ ಹೋಗುತ್ತಿದ್ದರು. ಮದ್ದೂರಿನ ದಾರೀಲಿ ಆನೆ ನಿಂತದೆ, ಅದು ದಾಟ್ಲಿ ತಡಿ ಎಂದು ಅವರು ಕೈ ಎತ್ತಿದಾಗ, ಔಷಧದ ಗಾಡಿ ತಳ್ಳಿಕೊಂಡು ಬರುತ್ತಿದ್ದ ಶಿವಶಂಕರ ನಿಂತಲ್ಲೇ ನಿಂತ. ನಿಜಕ್ಕೂ ದಾರಿ ಬಿಟ್ಟ. ಪಕ್ಕದ ಹಾಸಿಗೆಯಲ್ಲಿ ನಕ್ಕಿದ್ದ ಮನುಷ್ಯ ಎದ್ದು ಕೂತು ಆನೆ ಹೋದ ಕಡೆ ಕತ್ತು ತಿರುಗಿಸಿ ನೋಡಿದ.

ದೊಡ್ಡಮಲ್ಲಮ್ಮ ಹಚ್ಚೆ ಕೈ ಚಾಚಿ, "ನಂಗೆ ಗಿಳಿಹಸ್ರುದ್ದು ಇಕ್ಕು ಸಾಬ್ರೆ, ನನ್ ಗಂಡ ಮುದ್ಕ ಕಂಡ್ರೆ ಮೂರ್ಛೆ ಓಗ್ಬೇಕು," ಎಂದಳು. ಶಿವಶಂಕರ ತಾನೂ ಕೈ ಚಾಚಿದ. "ಥೂ, ಓಗ್ಲಾ ಅತ್ಲಾಗಿ, ಗಂಡ್ ಮುಂಡೇದೆ!" ಎಂದು ಮುದುಕರು ಗದರಿದಾಗ ಇಡೀ ವಾರ್ಡು ನಕ್ಕಿತು, ಅವರೂ ನಕ್ಕರು. ಜಾಹಿದಾ ಅಪ್ಪನ ನಗು ನೋಡಿ ಅಲ್ಲೇ ಗೋಡೆಗೆ ಒರಗಿದಳು. ಕೊನೆಗೆ ಉಮ್ಮೆ ಹಬೀಬಾ ಅವರೇ ಬಂದರು. "ಯಾ ಅಲ್ಲಾ, ನನಗಿದು ಬೇಕಿತ್ತಾ" ಎಂದು ಗೊಣಗುತ್ತಲೇ ಕೈ ಕೊಟ್ಟರು.

"ಇದೇನವ್ವ, ಕೈ ಹಿಂಗ್ ಒರಟಾಗದೆ? ದಿನಾ ಎಷ್ಟ್ ಸಲ ತೊಳ್ದೀಯೆ?"

"ಕೇಳಬೇಡಿ," ಎಂದರು ಉಮ್ಮೆ ಹಬೀಬಾ. "ನೇರಳೆ ಬಣ್ಣದ್ದು ಹಾಕಿ."

ಸಾವಿನ ಮನೆ ಮದುವೆ ಮನೆಯಾಯಿತು. ಮುದುಕರು ಹಣೆ ಒರೆಸಿಕೊಂಡು, "ಅಬ್ಬಬ್ಬ, ಹಸಿವು ಕಣ್ರವ್ವ," ಎಂದರು. ಜಾಹಿದಾ ಓಡಿ ಗಂಜಿ ಬಗ್ಗಿಸಿದಳು. ಕಾವ್ಯಶ್ರೀ ಬಟ್ಟಲು ತೆಗೆದುಕೊಂಡು ಚಮಚ ಅವರ ತುಟಿಯ ಬಳಿ ತಂದಳು. ಅವರು ಬಾಯಿ ತೆರೆದವರು ಹಾಗೇ ಮುಚ್ಚಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರು ಬಟ್ಟಲು ಹಿಡಿದ ಅವಳ ಕೈಯನ್ನು ನೋಡುತ್ತಿದ್ದರು.

"ಇನ್ನೊಂದು ಕೈ ಉಳ್ಕಂಡದೆ," ಎಂದರು.

ಆ ಕೈ ಯಾಕೆ ಬರಿದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿದೆ ಎಂಬುದನ್ನು ಎರಡು ವರ್ಷ ತೋರಿಸಿಕೊಂಡಿರಲಿಲ್ಲ, ಅಷ್ಟೇ.

"ನನಗೆ ಬೇಡ ತಾತ. ನೀವು ಉಣ್ಣಿ."

"ಒಂದ್ ಕೈ ಬರಿದು ಬುಟ್ಟು ಉಂಡ್ರೆ ಉಳಿದೋರ್ದೂ ನಿಲ್ಲಾಕಿಲ್ಲ ಕಣವ್ವ. ಬಾ."

"ಅವಳ್ಗೆ ಮನೇಲಿ ರಾಶಿ ರಾಶಿ ಅವೆ ಸಾಬ್ರೆ," ಎಂದು ದೊಡ್ಡಮಲ್ಲಮ್ಮ ಅಡ್ಡ ಬಾಯಿ ಹಾಕಿದಳು. ಮುದುಕರು ಅವಳ ಕಡೆ ತಿರುಗಿಯೂ ನೋಡಲಿಲ್ಲ. ನಗು ಅವರ ಮುಖದಿಂದ ಇಳಿಯಿತು. ಮಲಾರ ಎತ್ತಿ ಹೆಗಲಿಗೆ ಹಾಕಿಕೊಂಡು, ಕಿಟಕಿಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಬಟ್ಟಲ ಗಂಜಿ ಕೆನೆಗಟ್ಟುತ್ತ ಬಂತು.

ಕಾವ್ಯಶ್ರೀ ಬಟ್ಟಲು ಇಟ್ಟು ಡ್ಯೂಟಿ ರೂಮಿಗೆ ಹೋದಳು. ಓಡಿದಳು ಅಂದರೂ ಸುಳ್ಳಲ್ಲ. ಕಿಟಕಿಯ ದಾರದ ಮೇಲೆ ಎಲ್ಲರ ಬಳೆ ಗಾಳಿಗೆ ಕಿಣಿಕಿಣಿ ಅನ್ನುತ್ತಿದ್ದವು. ಲೋಕವನ್ನು ಚಪ್ಪಲಿಯ ಥರ ಹೊರಗೆ ಬಿಡಿ ಎಂದವಳು ಇವಳೇ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಊರವರ ಮಾತಿಗೆ ಅವಳು ಹೆದರಿದ್ದಳೆಂದರೆ ಅದು ಪೂರ್ತಿ ನಿಜವಲ್ಲ. ಕೈ ಚಾಚಿದರೆ ಬಳೆ ಬೇಕು ಅನ್ನಿಸಿಬಿಡುತ್ತದೆ, ಆ ಹೆದರಿಕೆ. ಬೇಕು ಅನ್ನಿಸಿದರೆ ಸೋಮೇಶನಿಗೆ ಏನೋ ತಪ್ಪು ಮಾಡಿದಂತಾಗುತ್ತದೆ, ಆ ಹೆದರಿಕೆ. ಇಲ್ಲಿ ಬಚ್ಚಿಟ್ಟುಕೊಂಡು ಎಷ್ಟು ಸುಖವಾಗಿದ್ದಳು! ಅವಳು ಕಿಟಕಿಯ ಸರಳು ಹಿಡಿದುಕೊಂಡು ಅತ್ತಳು.

ಹಿಂದೆ ದೊಡ್ಡಮಲ್ಲಮ್ಮ ಬಂದು ನಿಂತಿದ್ದಳು. ಇವತ್ತು ಅವಳ ಬಾಯಲ್ಲಿ ಎಲೆಯಡಿಕೆಯೂ ಇರಲಿಲ್ಲ, ತಮಾಷೆಯೂ ಇರಲಿಲ್ಲ.

"ಅವತ್ತು ರಕ್ತ ಒರ್ಸಿದ್ದು ನಾನೇ ಕಣಮ್ಮಿ," ಎಂದಳು. "ಒರ್ಸುದ್ನೇ ಹೊರ್ತು, ಒಡೀಬ್ಯಾಡ್ರಿ ಅಂತ ಒಂದ್ ಮಾತು ಬಾಯಲ್ ಬರ್ಲಿಲ್ಲ. ಊರಿಗೆ ಊರೇ ನಿಂತಿತ್ತು, ನಾನೊಬ್ಳು ಏನಂದೇನು ಅನ್ಕಂಡ್ಬುಟ್ಟೆ. ಓಗವ್ವ. ಆ ಸಾಬ್ರು ಹಸ್ಕಂಡವ್ರೆ."

ಕಾವ್ಯಶ್ರೀ ವಾಪಸು ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು. ಕೈ ಚಾಚಿದಳು.

"ಸಾಬ್ರೇ, ನನಗೂ."

ಅವರು ಮೆಲ್ಲನೆ ತಿರುಗಿದರು. ಏನೂ ಆಗಿಲ್ಲವೆಂಬಂತೆ ಮತ್ತೆ ಮಲಾರ ಇಳಿಸಿದರು. "ಯಾವೂರವ್ವ?"

"ಹಂಗಳ."

"ಹಂಗಳವಾ! ಬೇವಿನ ಮರದ ಮನೆ ಗೊತ್ತು ನಂಗೆ." ಅವರು ಅವಳ ಕೈ ಹಿಡಿದು, ಹೆಬ್ಬೆರಳು ಮಡಿಚಿ, ನಾದತೊಡಗಿದರು. ಎರಡು ವರ್ಷದಿಂದ ಆ ಕೈ ಎಷ್ಟೋ ಜನರ ಮೈ ತೊಳೆದಿತ್ತು, ನಾಡಿ ಹಿಡಿದಿತ್ತು. ಅದನ್ನು ಯಾರೂ ಹಿಡಿದಿರಲಿಲ್ಲ. ಮುದುಕರ ಬೆರಳು ಗೆಣ್ಣು ದಾಟಿ ಮಣಿಕಟ್ಟಿಗೆ ಬಂದು, ಅಲ್ಲಿದ್ದ ಗಾಯದ ಗುರುತಿನ ಮೇಲೆ ನಿಂತಿತು. ಒಂದು ಸಲ ಹೋಗಿ ಮತ್ತೆ ಬಂದು ಅಲ್ಲೇ ನಿಂತಿತು. ಅದು ಗಾಜಿನ ಗಾಯವೆಂದು ಆ ಬೆರಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೊಡ್ಡಮಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡಳು.

"ಒಡುದ್ರಾ?" ಎಂದು ಕೇಳಿದರು ಮುದುಕರು.

"ಹೂಂ."

ಅವರು ತಲೆದೂಗಿದರು. ಆಮೇಲೆ ಮಗುವಿಗೆ ಹೇಳುವಷ್ಟು ಸಲೀಸಾಗಿ, ಎಷ್ಟೋ ಜಗಲಿಗಳಲ್ಲಿ ಹೇಳಿ ಹೇಳಿ ಸವೆದ ಮಾತನ್ನೇ ಹೇಳಿದರು. "ಅದ್ಕ್ಯಾಕವ್ವ ಅಳೋದು? ಗಾಜು ಒಡೀದೆ ಇರ್ತದಾ? ಒಡೀದೇ ಇದ್ರೆ ಬಳೆಗಾರ ಯಾಕ್ ಬತ್ತಾನೆ? ನಾನ್ ಬಂದಿವ್ನಲ್ಲ. ಇಲ್ಲೊಂದ್ ಚೂರು ನೋಯ್ತದೆ. ಕಣ್ಮುಚ್ಚು, ಬಾಯ್ ತೆಗಿ."

ಅವಳು ಕಣ್ಣು ಮುಚ್ಚಿ ಬಾಯಿ ತೆಗೆದಳು. ತುಟಿಗೆ ಮುದುಕರ ಒಣಗಿದ ಬೆರಳು ತಾಗಿತು. ನಾಲಗೆಯ ಮೇಲೆ ಏನೂ ಬೀಳಲಿಲ್ಲ, ಸಿಹಿಯಾಯಿತು. ಅದೇ ಹೊತ್ತಿಗೆ ತಣ್ಣಗಿನದೊಂದು ಗೆಣ್ಣು ದಾಟಿ, ಗಾಯವನ್ನು ದಾಟಿ ಕೈಗೆ ಇಳಿಯಿತು. ಅದರ ಹಿಂದೆ ಇನ್ನೊಂದು, ಇನ್ನೊಂದು. ಅವಳು ಕಣ್ಣು ಬಿಟ್ಟಾಗ ಅವರು ಮಲಾರ ಪಕ್ಕಕ್ಕೆ ಸರಿಸಿ ಕೈ ಕೊಡವಿಕೊಳ್ಳುತ್ತಿದ್ದರು.

"ಈಗ ತತ್ತಾ ಗಂಜಿಯ," ಎಂದರು.

ಗಂಜಿ ಆರಿತ್ತು. ಚಮಚ ತುಟಿಯ ಬಳಿ ಹೋದಾಗ ಅವರು ಯಾಕೋ ಒಂದು ಕ್ಷಣ ಹಿಂಜರಿದರು, ಮುಖದಲ್ಲಿ ಹಳೆಯ ಗಾಬರಿ ಮತ್ತೆ ಹಣಕಿತು. "ಕಣ್ಮುಚ್ಚಿ ತಾತ," ಎಂದಳು ಕಾವ್ಯಶ್ರೀ, "ಬಾಯಿ ತೆಗೀರಿ." ಅವರು ಹಾಗೇ ಮಾಡಿದರು. ಬಟ್ಟಲು ಖಾಲಿಯಾಯಿತು. ಉಮ್ಮೆ ಹಬೀಬಾ ಟ್ರೇಯನ್ನೂ ಬಟ್ಟೆಯ ಪಟ್ಟಿಗಳನ್ನೂ ಎತ್ತಿಕೊಂಡು ಹೋದರು.

ಮರುದಿನ ಮುದುಕರಿಗೆ ಅದ್ಯಾವುದೂ ನೆನಪಿರಲಿಲ್ಲ. "ಯಾರ ಮನೆ ಸಾವವ್ವ ಇದು?" ಎಂದು ಮತ್ತೆ ಪಿಸುಗುಟ್ಟಿದರು. ಮರೆವಿನ ಕಾಯಿಲೆ ಅಂದರೆ ಅದೇ ತಾನೆ, ನಿನ್ನೆ ಗೆದ್ದದ್ದನ್ನು ಇವತ್ತು ಮತ್ತೆ ಗೆಲ್ಲಬೇಕು. ಮುಬಶ್ಶಿರಾ ಎದ್ದು ಬರುವಷ್ಟರಲ್ಲಿ ಕಾವ್ಯಶ್ರೀ ಹೋಗಿ ನೆಲದ ಮೇಲೆ ಕೂತು ಕೈ ಚಾಚಿಯಾಗಿತ್ತು. ಇಡೀ ಊರು ನೆನಪಿಟ್ಟುಕೊಂಡಿದ್ದನ್ನು ಈ ಮುದುಕರು ದಿನಾ ಬೆಳಿಗ್ಗೆ ಮರೆತು ಏಳುತ್ತಿದ್ದರು. ದಿನಾ ಅದೇ ಗಾಯದ ಮೇಲೆ ಬೆರಳು ನಿಲ್ಲಿಸಿ, ದಿನಾ ಅದೇ ಮಾತು ಹೇಳಿ, ದಿನಾ ಬಳೆ ತೊಡಿಸಿದರು. ಮೂಳೆ ಕೂಡಿಕೊಂಡು ಗುಂಡ್ಲುಪೇಟೆಗೆ ಹೊರಡುವವರೆಗೂ ಅದು ನಡೆಯಿತು. ಹೊರಡುವ ದಿನ ಆಂಬುಲೆನ್ಸಿನಲ್ಲಿ ಕೂತವರು ಅವಳನ್ನು ಯಾರೆಂದು ಕೇಳಿದರು. ಬೇವಿನ ಮರದ ಮನೆಯವಳು ಎಂದಳು. "ಬತ್ತೀನಿ ಬುಡು," ಎಂದರು.

ಅದಾದ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಕಾವ್ಯಶ್ರೀ ಡ್ಯೂಟಿಗೆ ತಡವಾಗಿ ಬಂದಳು. ಗುಂಡ್ಲುಪೇಟೆಯ ಬಸ್ಸಿಂದ ಇಳಿದು ನೇರ ವಾರ್ಡಿಗೇ ನುಗ್ಗಿದ್ದಳು. ಮುಬಶ್ಶಿರಾ ಡ್ರಿಪ್ಪು ಹಾಕುತ್ತಿದ್ದವಳು ತಲೆಯೆತ್ತಿ ನೋಡಿ, ಹಾಗೇ ನೋಡುತ್ತ ನಿಂತಳು. ದೊಡ್ಡಮಲ್ಲಮ್ಮನ ಕೈಯ ಪೊರಕೆ ನಿಂತಿತು. ಆಗ ವಾರ್ಡಿನ ಆ ತುದಿಯಿಂದ ಉಮ್ಮೆ ಹಬೀಬಾ ಅವರ ದನಿ ಬಂತು, ಎಲ್ಲರಿಗೂ ಗದರುವ ಅದೇ ದನಿ.

"ಕಾವ್ಯಶ್ರೀ! ಏನದು ಕೈಯಲ್ಲಿ? ಮೊಣಕೈ ಕೆಳಗೆ ಏನೂ ಇರಕೂಡದು ಅಂತ ಎಷ್ಟು ಸಲ ಹೇಳಬೇಕು ನಿಮಗೆಲ್ಲ? ಹೋಗು, ಬಿಚ್ಚಿ ಕಿಟಕಿಗೆ ಹಾಕಿ ಬಾ."

"ಸಾರಿ ಸಿಸ್ಟರ್," ಎಂದಳು ಕಾವ್ಯಶ್ರೀ. ಡ್ಯೂಟಿ ರೂಮಿಗೆ ಹೋಗಿ, ಒಂದೊಂದಾಗಿ ಬಳೆ ಬಿಚ್ಚಿ, ಎಲ್ಲರ ಬಳೆಗಳ ಪಕ್ಕ ದಾರಕ್ಕೆ ಪೋಣಿಸಿ, ಕೈ ತೊಳೆದುಕೊಂಡು ಕೆಲಸಕ್ಕೆ ಬಂದಳು.